ಹರಾಜುಕಟ್ಟೆಯ ಪತ್ತೇದಾರ

ಆನ್‌ಲೈನ್ ಹರಾಜಿನಲ್ಲಿ ನನಗೆ ಟೋಪಿ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ! ಹೆಂಗಸೂ ಹುಟ್ಟಿಲ್ಲ! ಹೀಗೆಂದು ನಾನು ನಮ್ಮ ಸರಕು ಸಾಗಣೆ ಆಫೀಸಿನ ಟೀ ಕೋಣೆಯಲ್ಲಿ ಮೇಜು ಕುಟ್ಟಿ ಘೋಷಿಸಿದ್ದೆ. ಲಾರಿ ಡ್ರೈವರುಗಳು ತರುವ ಬಿಲ್ಲುಗಳಲ್ಲಿ ಕಳ್ಳ ಬಿಲ್ಲು ಯಾವುದೆಂದು ಮೂಸಿ ನೋಡಿ ಹೇಳುವುದೇ ನನ್ನ ಉದ್ಯೋಗ. ಅನುಮಾನಪಡುವುದಕ್ಕೇ ಸಂಬಳ ಪಡೆಯುವ ಭಾಗ್ಯ ಎಷ್ಟು ಜನಕ್ಕುಂಟು? ಮಾರುವವನು ಹೊಸಬನೇ? ಬೆಲೆ ತೀರಾ ಕಮ್ಮಿಯೇ? ಫೋಟೋ ಒಂದೇ ಇದೆಯೇ? ಹಾಗಿದ್ದರೆ ಅದು ಮೋಸವೇ ಸೈ ಎಂದು ಸಿಕ್ಕಸಿಕ್ಕವರಿಗೆಲ್ಲ ಬಿಟ್ಟಿ ಉಪದೇಶ ಕೊಟ್ಟು, ‘ಪತ್ತೇದಾರ್ರು’ ಎಂಬ ಬಿರುದನ್ನೂ ಗಿಟ್ಟಿಸಿಕೊಂಡಿದ್ದೆ.

ಅಷ್ಟರಲ್ಲಿ ನನ್ನ ಹೆಂಡತಿಯ ಹೊಲಿಗೆ ಯಂತ್ರ ಕೆಟ್ಟು ಕೂತಿತು. ರಿಪೇರಿಯವನು ಮುಚ್ಚಳ ತೆಗೆದು ನೋಡಿದ, ಮತ್ತೆ ಮುಚ್ಚಿ ಹೊರಟುಹೋದ. ಅವಳಿಗೆ ಅದೇ ವಾರ ಮೊಟ್ಟಮೊದಲ ದೊಡ್ಡ ಆರ್ಡರ್ ಬಂದಿತ್ತು. ಹತ್ತಿರದ ಶಿಶುವಿಹಾರದ ಕಿಟಕಿಗಳಿಗೆಲ್ಲ ಪರದೆ! ಸೋಮವಾರ ಕೊಡದಿದ್ದರೆ ಆರ್ಡರ್ ಎದುರು ಅಂಗಡಿಯ ಪಾಲು. ಹೊಸ ಯಂತ್ರ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅವಳು ಫೋನು ಹಿಡಿದು ಓಡಿ ಬಂದಳು.

“ರೀ, ಇಲ್ನೋಡಿ! ಹರಾಜಿಗೆ ಒಂದು ಮೆಷಿನ್ ಬಂದಿದೆ. ನಮ್ಮೂರಲ್ಲೇ! ಶುರು ಬೆಲೆ ಎಷ್ಟು ಕಮ್ಮಿ ನೋಡಿ!”

ನೋಡಿದೆ. ಇದ್ದದ್ದು ಒಂದೇ ಫೋಟೋ. ಅದರಲ್ಲೂ ಅರ್ಧ ಯಂತ್ರ, ಅರ್ಧ ಹೆಬ್ಬೆರಳು. ಮಾರುವವರು ಹಿಂದಿನ ದಿನವಷ್ಟೇ ಖಾತೆ ತೆರೆದವರು. ಕೆಳಗೆ ವಿವರ: ‘ಚೆನ್ನಾಗಿದೆ. ಬಂದು ನೋಡಿ. ದುಡ್ಡು ನಿಧಾನಕ್ಕೆ ಕೊಟ್ಟರೂ ಆಯಿತು.’

“ದುಡ್ಡು ನಿಧಾನಕ್ಕಾ? ನಮ್ಮ ಸ್ವಂತ ಅಣ್ಣನೇ ನನಗೆ ಹಾಗೆ ಹೇಳಿಲ್ಲ ಇಲ್ಲೀವರೆಗೆ! ಇದು ಮೋಸ, ಶುದ್ಧ ಮೋಸ!”

“ಬಂದು ನೋಡಿ ಅಂತಿದಾರಲ್ಲ. ನೋಡ್ಕೊಂಡು ಬಂದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಬಲೆ ಬೀಸೋರು ಮತ್ತೇನು, ಬರಬೇಡಿ ಅಂತಾರಾ? ನೀನು ಸುಮ್ನಿರು. ನಾನು ನೋಡ್ಕೋತೀನಿ.”

ನೋಡಿಕೊಂಡೆ! ಆ ಖದೀಮರಿಗೆ ಸಂದೇಶ ಹಾರಿಸಿದೆ: ‘ನಿಮ್ಮ ಬೇಳೆ ನನ್ನ ಹತ್ತಿರ ಬೇಯುವುದಿಲ್ಲ.’ ತಕ್ಷಣ ಉತ್ತರ ಬಂತು: ‘ಬೇಳೆ ಅಲ್ಲ, ಹೊಲಿಗೆ ಮೆಷಿನ್ ಮಾರುತ್ತಿದ್ದೇನೆ.’ ಆಹಾ, ಎಂಥ ನಾಟಕ! ನಾನು ಬ್ರಹ್ಮಾಸ್ತ್ರವನ್ನೇ ಹೊರತೆಗೆದೆ: ‘ಯಂತ್ರ ನಿಜವಾಗಿ ನಿಮ್ಮಲ್ಲಿದ್ದರೆ, ಇವತ್ತಿನ ದಿನಪತ್ರಿಕೆಯನ್ನು ಅದರ ಮೇಲಿಟ್ಟು ಫೋಟೋ ಕಳಿಸಿ.’ ಫೋಟೋ ಬಂತು. ಪತ್ರಿಕೆಯನ್ನು ಪೂರ್ತಿ ಬಿಚ್ಚಿ, ಅಗಲವಾಗಿ ಹೊದಿಸಿದ್ದರು. ಅದರಡಿಯಲ್ಲಿ ಇರುವುದು ಯಂತ್ರವೋ ಕತ್ತೆಮರಿಯೋ ಆ ದೇವರೇ ಬಲ್ಲ! ಮೂಲೆಯಲ್ಲಿ ಮತ್ತದೇ ಹೆಬ್ಬೆರಳು. ಸಿಕ್ಕಿಬಿದ್ದರು ಎಂದು ಕುಣಿದಾಡಿ ಸೈಟಿನವರಿಗೆ ದೂರು ಕೊಟ್ಟೆ. ಬೆಳಗಾಗುವುದರೊಳಗೆ ಖಾತೆ ಬಂದ್!

“ಸಮಾಜಸೇವೆ ಅಂದ್ರೆ ಇದು!” ಎಂದು ಮೀಸೆ ತಿರುವಿದೆ. ಹೆಂಡತಿ ಒಂದು ಮಾತೂ ಆಡದೆ ಪರದೆ ಬಟ್ಟೆಯ ರಾಶಿಯನ್ನೇ ನೋಡುತ್ತ ಕೂತಿದ್ದಳು. ಅದು ಮೆಚ್ಚುಗೆಯ ಮೌನ ಎಂದುಕೊಂಡು ನಾನು ಆಫೀಸಿಗೆ ಹೊರಟೆ.

ಹೋಗುತ್ತಿದ್ದಂತೆ ಮ್ಯಾನೇಜರ್ ತಮ್ಮ ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿದರು. ಮುಖ ಕೆಂಡವಾಗಿತ್ತು.

“ಪತ್ತೇದಾರ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನನ್ನ ಹೆಂಡತಿ ಹೊಲಿಗೆ ಮೆಷಿನ್ ಹರಾಜಿಗೆ ಹಾಕಿದ್ಲು. ಯಾವನೋ ಅಯೋಗ್ಯ ಅವಳನ್ನ ಕಳ್ಳಿ ಅಂತ ದೂರು ಕೊಟ್ಟಿದಾನೆ!”

ಆ ಅಯೋಗ್ಯ ನಾನೇ! ಕುರ್ಚಿ ಹಿಡಿದುಕೊಂಡೆ.

“ಪೇಪರ್ ಇಟ್ಟು ಫೋಟೋ ಕಳ್ಸಿ ಅಂದ್ನಂತೆ! ಮೆಷಿನ್ನನ್ನ ನಾವೇನು ಅಪಹರಣ ಮಾಡಿದೀವಾ? ಕಷ್ಟದಲ್ಲಿರೋ ಯಾರಿಗಾದ್ರೂ ಅನುಕೂಲ ಆಗ್ಲಿ ಅಂತ ಕಮ್ಮಿ ಬೆಲೆಗೆ ಇಟ್ಟಿದ್ಲು ಪಾಪ. ಬೆಳಿಗ್ಗೆಯಿಂದ ಕಾಫೀನೂ ಮುಟ್ಟಿಲ್ಲ. ಅವನು ಯಾರು ಅಂತ ಹುಡುಕಿ ಕೊಡಿ!”

“ಕಷ್ಟ ಸರ್... ಇಂಥೋರು ಎಲ್ಲಿರ್ತಾರೋ ಏನೋ...”

“ನಿಮಗೇ ಕಷ್ಟಾನಾ? ಅವನು ಹತ್ತಿರದಲ್ಲೇ ಎಲ್ಲೋ ಇದಾನೆ ಅಂತ ನನ್ನ ಮನಸ್ಸು ಹೇಳ್ತಿದೆ.”

“ನನಗೂ ಹಾಗೇ ಅನ್ನಿಸ್ತಿದೆ ಸರ್” ಎಂದೆ. ಆ ಕೋಣೆಯಲ್ಲಿ ನಾನು ಆಡಿದ ಏಕೈಕ ಸತ್ಯ ಅದು!

ಆ ದಿನ ಯಾವ ಬಿಲ್ಲೂ ಕಣ್ಣಿಗೆ ಕಾಣಲಿಲ್ಲ. ಕಳ್ಳ ಬಿಲ್ಲುಗಳೆಲ್ಲ ಕುಣಿಯುತ್ತ ಪಾಸಾದವು. ಒಳ್ಳೆಯ ಮನಸ್ಸಿನ ಹೆಂಗಸನ್ನು ನೋಯಿಸಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಕೆಲಸ ಹೋದರೆ ಗತಿಯೇನು ಎಂಬ ಭಯವೂ ಆಯಿತು. ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಹೋಗಿ ಕ್ಷಮೆ ಕೇಳುವುದೆಂದು ಮನೆಗೆ ಓಡಿದೆ.

ಬಾಗಿಲಲ್ಲೇ ಕೇಳಿಸಿತು, ಟಕಟಕಟಕ! ಒಳಗೆ ಹೆಂಡತಿ ಹಾಡು ಗುನುಗುತ್ತ ಪರದೆ ಹೊಲಿಯುತ್ತಿದ್ದಳು.

“ಇ... ಇದು ಎಲ್ಲಿಂದ ಬಂತು?”

“ಅದೇ ಮೋಸದ ಮೆಷಿನ್ನು ರೀ! ನೀವು ದೂರು ಕೊಡೋಕೆ ಮುಂಚೇನೇ ನಾನು ವಿಳಾಸ ಕೇಳಿಟ್ಕೊಂಡಿದ್ದೆ. ನೀವು ಆ ಕಡೆ ಹೋದ್ರಿ, ನಾನು ಈ ಕಡೆ ಹೋದೆ. ಅವ್ರ ಮನೆ ಗೋಡೆ ಮೇಲೆ ನೋಡಿದ್ರೆ ನಿಮ್ಮ ಮ್ಯಾನೇಜರ್ ಫೋಟೋ!”

“ದೂರು ಕೊಟ್ಟಿದ್ದು ಯಾರು ಅಂತ ಹೇಳ್ಲಿಲ್ಲ ತಾನೆ?”

“ಹೇಳ್ದೆ ಇರೋಕಾಗುತ್ತಾ? ಪಾಪ, ಅಳ್ತಾ ಕೂತಿದ್ರು. ಅವ್ರು ನಮ್ಮನೆಯವ್ರೇ ಕಣ್ರೀ, ತಪ್ಪಾಯ್ತು ಅಂದೆ.”

ನಾನು ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತೆ. “ತುಂಬಾ ಬೈದ್ರಾ?”

“ಛೆ ಛೆ! ಕಣ್ಣೊರೆಸ್ಕೊಂಡು ನನ್ನನ್ನೇ ಕನಿಕರದಿಂದ ನೋಡಿದ್ರು. ದುಡ್ಡೂ ತಗೊಳ್ಳಿಲ್ಲ” ಎಂದು ಹೆಂಡತಿ ದಾರ ಕತ್ತರಿಸಿದಳು. “‘ಹಾಗೇ ತಗೊಂಡು ಹೋಗಮ್ಮ, ಅಂಥ ಗಂಡನ್ನ ಕಟ್ಕೊಂಡೋಳಿಗೆ ಸ್ವಂತ ಸಂಪಾದನೆ ಅಂತ ಒಂದು ಇರ್ಲೇಬೇಕು’ ಅಂದ್ರು. ‘ಸಾಯಂಕಾಲ ನಮ್ಮ ಯಜಮಾನ್ರಿಗೆ ಎಲ್ಲಾ ಹೇಳ್ತೀನಿ, ನಾಳೆಯಿಂದಂತೂ ಅದು ನಿನಗೆ ಬೇಕೇ ಬೇಕಾಗುತ್ತೆ’ ಅಂತಾನೂ ಅಂದ್ರು!”