ಒಂಬತ್ತೂವರೆ ಅಡಿಯ ರಿಂಗು

ಸಿಟ್ಟು ಬರುವುದು ದೊಡ್ಡ ಮಾತಲ್ಲ, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂಬುದು ಗೊತ್ತಿರಬೇಕು. ಈ ವಿಷಯದಲ್ಲಿ ನಾನು ಎಂದೂ ತಡವರಿಸಿದವನಲ್ಲ. ರಾಯಬಾಗ ಕಡೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದೇನೆ. ಕೊರಳಲ್ಲಿ ಸೀಟಿ, ಎದುರಿಗೆ ಹತ್ತು ಹನ್ನೆರಡು ಮಕ್ಕಳು. ಸಿಡುಕನಿಗೆ ಇದಕ್ಕಿಂತ ಅನುಕೂಲವಾದ ನೌಕರಿ ಇನ್ನೊಂದಿಲ್ಲ. ಆದರೆ ಈ ವರ್ಷ ಬಂದ ಸಿಟ್ಟು ಮಾತ್ರ ನನ್ನನ್ನು ಊರೆಲ್ಲ ಸುತ್ತಾಡಿಸಿಬಿಟ್ಟಿತು.

ನಿಪ್ಪಾಣಿಯಲ್ಲಿ ಓದುವಾಗ ನಾನೂ ಆಟಗಾರ. ಓಡಿಬಂದು ಹಾರಿದರೆ ರಿಂಗು ಕೈಗೆ ಸಿಗುತ್ತಿತ್ತು. ಯೂನಿವರ್ಸಿಟಿ ತಂಡಕ್ಕೂ ಆಯ್ಕೆಯಾಗಿದ್ದೆ. ಅಲ್ಲಿ ತಂಡ ಆಡಿದ ಮೂರು ಪಂದ್ಯದಲ್ಲೂ ನೀರಿನ ಬಾಟಲಿ ಕಾಯುತ್ತ ಕೂತಿದ್ದೆನೆಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಆಮೇಲೆ ಮೊಣಕಾಲು ಕೈಕೊಟ್ಟಿತು, ನೌಕರಿ ಸಿಕ್ಕಿತು, ಹೊಟ್ಟೆ ಬಂತು. ವರ್ಷ ವರ್ಷಕ್ಕೆ ರಿಂಗು ನನ್ನಿಂದ ದೂರವಾಗುತ್ತ ಹೋಗಿ, ಹತ್ತು ವರ್ಷದಿಂದ ಅದರ ಕೆಳಗೆ ಜೋತುಬಿದ್ದ ಬಲೆಯ ತುದಿಯೂ ನನ್ನ ಕೈಗೆ ಎಟುಕುತ್ತಿರಲಿಲ್ಲ.

ನಮ್ಮ ಅಂಕಣದಲ್ಲಿ ಮಳೆ ಬಂದರೆ ನೀರು ನಿಲ್ಲುತ್ತಿತ್ತು. ಮಕ್ಕಳು ಜಾರಿ ಬೀಳುತ್ತಾರೆಂದು ನಾನು ಬರೆದ ಅರ್ಜಿಗಳನ್ನು ಒಬ್ಬರೂ ಓದಲಿಲ್ಲ. ಹೋದ ವರ್ಷ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಆ ನೀರಿಗೆ ಮುಖ್ಯ ಅತಿಥಿಗಳ ಹೊಸ ಬೂಟು ತೊಯ್ದವು ನೋಡಿ, ರಜೆಯಲ್ಲೇ ಕೆಲಸ ಶುರುವಾಯಿತು. ತುಕಾರಾಮ ಗೌಂಡಿ ಹಳೆಯ ನೆಲದ ಮೇಲೆಯೇ ಅರ್ಧ ಅಡಿ ಕಾಂಕ್ರೀಟು ಹಾಕಿದ. ಪ್ರಿನ್ಸಿಪಾಲರು ಕಾಯಿ ಒಡೆದರು. ಒಂದು ಹೋಳು ನಾನೂ ತಿಂದೆ.

ಅವತ್ತು ಸಂಜೆ ಯಾರೂ ಇಲ್ಲದಾಗ ಸುಮ್ಮನೆ ಒಮ್ಮೆ ಹಾರಿದೆ. ಬಲೆ ಬೆರಳಿಗೆ ತಾಗಿತು. ಮತ್ತೊಮ್ಮೆ ಹಾರಿದೆ, ಮತ್ತೆ ತಾಗಿತು. ಹೊಟ್ಟೆ ಕರಗಲೆಂದು ನಾನು ಆಗಷ್ಟೇ ಚಹಾದಲ್ಲಿ ಸಕ್ಕರೆ ಬಿಟ್ಟಿದ್ದೆ. ಇದು ಅದರ ಫಲವೇ ಎಂದು ಹೆಂಡತಿಗೆ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ನನ್ನ ಷಡ್ಡಕನಿಗೂ ಸಕ್ಕರೆಯೆಂದರೆ ವಿಷ ಎಂದು ಅರ್ಧ ತಾಸು ಉಪದೇಶ ಮಾಡಿದೆ. ಅವನು ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ.

ಈಗ ರೇಣುಕಾಳ ಮಾತಿಗೆ ಬರುತ್ತೇನೆ. ಪಾಲಬಾವಿಯಿಂದ ಮೊದಲ ಬಸ್ಸಿಗೆ ಬರುವ ಹುಡುಗಿ, ಬಿ.ಎ. ಕೊನೆಯ ವರ್ಷ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಕೈ ನಾನು ಕಂಡಿಲ್ಲ. ಚಿಕ್ಕೋಡಿಯ ಪಂದ್ಯಾವಳಿಯಲ್ಲಿ ಯೂನಿವರ್ಸಿಟಿ ತಂಡದ ಆಯ್ಕೆ ಇತ್ತು. ಅವಳಿಗೆ ಅದೇ ಕೊನೆಯ ಅವಕಾಶ.

ಅಲ್ಲಿ ಅವಳು ಎಸೆದ ಚೆಂಡೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸು ಬಂದವು. ಅವಳದಷ್ಟೇ ಅಲ್ಲ, ನಮ್ಮ ಎಲ್ಲರದೂ. ಆಯ್ಕೆದಾರರ ಎದುರಿಗೇ ನಾನು ಕೂಗಿದೆ: “ಉಂಡ ಬಂದಿಲ್ಲೇನ ಬೇ? ಕೈಯಾಗ ಕಸುವಿಲ್ಲೇನ?” ಅವಳನ್ನು ಹೊರಗೆ ಕೂಡಿಸಿದೆ. ಅವಳು ತಲೆ ತಗ್ಗಿಸಿ, “ಸರ್, ಇಲ್ಲಿ ರಿಂಗ್ ಭಾಳ ಎತ್ತರ ಅನಸ್ತೈತ್ರಿ” ಅಂದಳು. ನನಗೆ ಅಷ್ಟೇ ಸಾಕಿತ್ತು. ಪಂದ್ಯ ನಿಲ್ಲಿಸಿ, ಇದು ಮೋಸ, ಟೇಪು ತರಿಸಿ ಎಂದು ರಂಪ ಮಾಡಿದೆ. ತರಿಸಿದರು. ಊರವರೆಲ್ಲ ನೋಡುತ್ತಿರುವಾಗ ಅಳೆದರು. ನಿಯಮದಂತೆ ಸರಿಯಾಗಿ ಹತ್ತು ಅಡಿ ಇತ್ತು.

ಮರುದಿನ ಬೆಳಿಗ್ಗೆ ನಮ್ಮ ರಿಂಗು ಅಳೆದೆ. ಒಂಬತ್ತೂವರೆ. ನೆಲ ಮೇಲೆ ಬಂದಿತ್ತು, ಕಂಬ ಇದ್ದಲ್ಲೇ ಇತ್ತು. ನೆತ್ತಿಗೇರಿದ ಸಿಟ್ಟಿನಲ್ಲಿ ತುಕಾರಾಮನ ಮೇಲೆ ಹರಿಹಾಯ್ದೆ. ಅವನು ಕರಣಿ ಕೆಳಗಿಡದೆಯೇ, “ಸಾಹೇಬ್ರ, ನೆಲಾ ಎತ್ತರ ಮಾಡ ಅಂದ್ರಿ, ಬರೋಬರ್ ಅರ್ಧಾ ಫೂಟ್ ಮಾಡೇನಿ. ಕಂಬದ ಮಾತ ಯಾರ ಆಡ್ಯಾರ್ರಿ?” ಅಂದ. ಪ್ರಿನ್ಸಿಪಾಲರ ಹತ್ತಿರ ಹೋದೆ. “ನಾ ಇತಿಹಾಸದಾಂವ್ರಿ. ರಿಂಗ್ ಎಷ್ಟ ಎತ್ತರ ಇರಬೇಕಂತ ನನಗೇನ ಗೊತ್ತು? ಅದಕ್ಕ ಅಲ್ಲೇನ್ರಿ ನಿಮ್ಮನ್ನ ಇಟ್ಟಿದ್ದು?” ಅಂದರು. ಇಬ್ಬರ ಮಾತೂ ಸರಿಯಾಗಿತ್ತು, ಅದೇ ನನ್ನ ಹೊಟ್ಟೆ ಉರಿಸಿತು.

ರೇಣುಕಾಳನ್ನು ಇನ್ನೊಮ್ಮೆ ನೋಡಿ ಎಂದು ಆಯ್ಕೆದಾರರಿಗೆ ಪತ್ರ ಬರೆಯಲು ಕೂತೆ. ಮೊದಲ ಪತ್ರದಲ್ಲಿ ತಪ್ಪು ಗೌಂಡಿಯದು. ಹರಿದೆ. ಎರಡನೆಯದರಲ್ಲಿ ಪ್ರಿನ್ಸಿಪಾಲರದು. ಅದನ್ನೂ ಹರಿದೆ, ಇನ್ನೂ ಎಂಟು ವರ್ಷ ಸರ್ವೀಸಿದೆ. ಮೂರನೆಯದರಲ್ಲಿ ಮುಖ್ಯ ಅತಿಥಿಗಳ ಬೂಟಿನದು. ಅದನ್ನು ರೇಣುಕಾಳಿಗೇ ಓದಲು ಕೊಟ್ಟೆ.

ಅವಳು ಪೂರ್ತಿ ಓದಿ, ಮಡಚಿ, ನನ್ನ ಕೈಗಿಟ್ಟಳು. “ಸರ್, ಹೊಸಾ ನೆಲದ ಮ್ಯಾಲ ಆಡಿದ ಮೊದಲನೇ ದಿನಾನ ನಾ ಹೇಳಿದ್ನಲ್ರಿ. ರಿಂಗ್ ಯಾಕೋ ತಗ್ಗ ಅನಸ್ತೈತಿ, ಟೇಪ್ ಹಿಡದ ನೋಡೂಣೇನ್ರಿ ಅಂತ. ನೀವ ಬ್ಯಾಡಂದ್ರಿ. ರಿಂಗ್ ತಗ್ಗಾಗಿಲ್ಲ, ನಾವ ಮ್ಯಾಲಾಗೀವಿ ಅಂದ್ರಿ.”

ಸಿಟ್ಟಿಲ್ಲದೆ ಹೇಳಿದಳು. ಒಂದಿಷ್ಟು ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಹೇಳಿದ್ದು ನಿಜ. ಅಳೆಯಬೇಕೆಂದು ನನಗೂ ಅನ್ನಿಸಿತ್ತು. ಅಳೆದರೆ ಬಲೆ ಮತ್ತೆ ಕೈಗೆ ಸಿಗಲಿಕ್ಕಿಲ್ಲವೆಂದು ಸುಮ್ಮನಿದ್ದೆ.

ನಾಲ್ಕನೆಯ ಪತ್ರ ಎರಡೇ ಸಾಲು. ರಿಂಗು ಅಳೆಯದ ತಪ್ಪು ನನ್ನದು, ಹುಡುಗಿಯದಲ್ಲ. ಸೋಮವಾರ ಕಳಿಸಿ, ನೋಡುತ್ತೇವೆ ಎಂದು ಉತ್ತರ ಬಂದಿದೆ. ತುಕಾರಾಮನೇ ನಿಂತು ಕಂಬಕ್ಕೆ ಪೈಪು ಬೆಸೆಸಿ ರಿಂಗು ಏರಿಸಿದ್ದಾನೆ. ರೇಣುಕಾ ಎರಡು ಹೊತ್ತೂ ಎಸೆಯುತ್ತಿದ್ದಾಳೆ. ಹತ್ತರಲ್ಲಿ ಆರು ಬೀಳುತ್ತಿವೆ.

ನಿನ್ನೆ ಅವಳು ಬಸ್ಸಿಗೆ ಹೋದ ಮೇಲೆ ನಾನೂ ಒಮ್ಮೆ ಹಾರಿದೆ. ಕೈಗೆ ಏನೂ ತಾಗಲಿಲ್ಲ. ಮನೆಗೆ ಬಂದು ಮೊಣಕಾಲು ಒತ್ತಿಕೊಳ್ಳುತ್ತ ಕೂತಾಗ ಹೆಂಡತಿ ಚಹಾ ತಂದಿಟ್ಟಳು. ಒಂದು ಗುಟುಕು ಕುಡಿದು ತಲೆಯೆತ್ತಿ ನೋಡಿದೆ.

“ಎರಡ ಚಮಚಾ ಸಕ್ಕರಿ ಹಾಕೇನ್ರಿ” ಅಂದಳು. “ಕಂಬಾ ಏರಿಸಿದ್ದ ಸುದ್ದಿ ಉಗಾರಕ್ಕೂ ಮುಟ್ಟೈತಿ.”

ರೇಗಬೇಕೆಂದು ಬಾಯಿ ತೆರೆದೆ. ಯಾರ ಮೇಲೆಂದು ತಿಳಿಯದೆ, ಇನ್ನೊಂದು ಗುಟುಕು ಕುಡಿದೆ.