ಗಾಳಿ ಬರುವ ಕಿಟಕಿಗಾಗಿ ಪೋಕರ್

ವಾಶಿಯಿಂದ ಸಂಜೆ ಹೊರಡುವ ಠಾಣೆ ಲೋಕಲ್‌ನಲ್ಲಿ ನಾಲ್ಕು ಮಂದಿ ಎದುರುಬದುರು ಕೂತರೆ ಏನಾದರೊಂದು ನಡೆಯದೆ ಇರುವುದಿಲ್ಲ. ನಾವು ನಾಲ್ವರು: ಡೊಂಬಿವಲಿಯ ಗುಮಾಸ್ತನಾದ ನಾನು, ಹೋಟೆಲಿನ ಶೆಟ್ಟರು, ವಿಜಯಪುರ ಕಡೆಯ ಹಮಾಲರ ಮೇಸ್ತ್ರಿಯಾದ ಮುಕಾದಮ, ಮತ್ತು ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವ ಎಂಜಿನಿಯರ್. ಅವನೇ ನಮಗೆ ಪೋಕರ್ ಕಲಿಸಿದ್ದು. ಮೊಣಕಾಲ ಮೇಲೆ ಬ್ರೀಫ್‌ಕೇಸು, ದುಡ್ಡಿನ ಬದಲು ಅಂಗಿ ಗುಂಡಿ. ಶುಕ್ರವಾರದ ಟೂರ್ನಮೆಂಟ್ ಗೆದ್ದವನಿಗೆ ಮುಂದಿನ ವಾರವಿಡೀ ಗಾಳಿ ಬರುವ ಕಿಟಕಿ ಸೀಟು. ಶೆಟ್ಟರಿಗೆ ಅದು ಒಮ್ಮೆಯೂ ದಕ್ಕಿರಲಿಲ್ಲ. ಅರ್ಧ ಮೈ ಹೊರಗೇ ಇರುವ ಸೀಟಿನ ತುದಿಯೇ ಅವರಿಗೆ ಗತಿ.

ಕಾದು ಕೂತದ್ದು

ಪ್ರತಿ ಆಟಕ್ಕೂ ಸರದಿಯಂತೆ ಇಬ್ಬರು ಎಲೆ ನೋಡುವ ಮೊದಲೇ ಗುಂಡಿ ಇಡಬೇಕು. ಸ್ಟೇಷನ್ ದಾಟಿದಂತೆಲ್ಲ ಆ ಕಡ್ಡಾಯದ ಗುಂಡಿ ಹೆಚ್ಚುತ್ತದೆ. ತನ್ನ ಬಳಿ ಗುಂಡಿ ಕಮ್ಮಿಯಾದವನಿಗೆ ಎರಡೇ ದಾರಿ ಎಂದು ಎಂಜಿನಿಯರ್ ಹೇಳಿಕೊಟ್ಟಿದ್ದ: ಮೊದಲ ಎರಡು ಎಲೆ ನೋಡಿದೊಡನೆ ಬಿಸಾಡು, ಇಲ್ಲವೇ ಇದ್ದದ್ದೆಲ್ಲ ಇಡು. ಮೊಬೈಲಿನಲ್ಲಿ ಅದಕ್ಕೊಂದು ಕೋಷ್ಟಕವೂ ಇತ್ತು. ನಾವು ಬಾಯಿ ಬಿಟ್ಟು ಕೇಳಿದ್ದೆವು.

ಆದರೆ ಒಂದು ಶುಕ್ರವಾರ ತನ್ನದೇ ಗುಂಡಿ ಕರಗಿದಾಗ ಅವನಿಗೆ ಧೈರ್ಯ ಸಾಲಲಿಲ್ಲ. ಒಳ್ಳೆಯ ಎಲೆ ಬರಲೆಂದು ಬಿಸಾಡುತ್ತಲೇ ಕೂತ. ಕೊನೆಯ ಗುಂಡಿ ಕಡ್ಡಾಯಕ್ಕೆ ಹೋಗಿ, ಆ ಆಟವನ್ನೂ ಸೋತು ಹೊರಬಿದ್ದ. ಮುಂದಿನ ಆಟಕ್ಕೆ ಮುಕಾದಮ ಅಭ್ಯಾಸಬಲದಿಂದ ಅವನಿಗೂ ಎಲೆ ಹಂಚಿದ. ತಿರುಗಿಸಿದರೆ ಎರಡೂ ಎಕ್ಕ!

ಮುಕಾದಮ ಮರುಗಿದ: "ಇಂಜಿನೇರ್ರ, ಎಕ್ಕಾ ಬಂದಾವ್ರಿ. ನೀವ ಇಲ್ಲ."

ನಿಂತವರು

ಇನ್ನೊಂದು ಶುಕ್ರವಾರ ನನ್ನ ಸರದಿಯೂ ಬಂತು. ಕೈಯಲ್ಲಿ ಎರಡು ದರಿದ್ರ ಎಲೆ. ಹೆದರಿಸೋಣವೆಂದು ಇದ್ದದ್ದೆಲ್ಲ ಇಟ್ಟು ಕಲ್ಲಿನಂತೆ ಮುಖ ಮಾಡಿದೆ. ಹಿಂದೆ ನಿಂತಿದ್ದ ಹಿರಿಯರೊಬ್ಬರು ಬಗ್ಗಿ ನನ್ನ ಎಲೆ ನೋಡಿ, "ಅರೆರೆ, ಬಿಚಾರಾ!" ಎಂದು ನಿಟ್ಟುಸಿರಿಟ್ಟರು. ಮೂವರೂ ಮುಗುಳ್ನಗುತ್ತ ಗುಂಡಿ ಇಟ್ಟರು.

ಮುಖ ಬಿಗಿಯುವುದನ್ನು ನಾನು ಕಲಿತಿದ್ದೆ, ನನ್ನ ಹಿಂದೆ ನಿಂತವರು ಕಲಿತಿರಲಿಲ್ಲ.

ಶೆಟ್ಟರ ಶುಕ್ರವಾರ

ಮೇ ತಿಂಗಳ ಸೆಖೆ. ನಾನೂ ಮುಕಾದಮನೂ ಸೋತು ನೋಡುತ್ತ ಕೂತಿದ್ದೆವು. ಘಣಸೋಲಿ ಹೊತ್ತಿಗೆ ಎಂಜಿನಿಯರನ ಮುಂದೆ ಗುಂಡಿಗಳ ರಾಶಿ, ಶೆಟ್ಟರ ಮುಂದೆ ಒಂದು ಚಿಟಿಕೆ.

ಶೆಟ್ಟರು ಎಲೆ ನೋಡಿದರು, ಎಲ್ಲವನ್ನೂ ಮುಂದೆ ತಳ್ಳಿದರು. ಎಂಜಿನಿಯರ್ ಹೆದರಿ ಎಲೆ ಬಿಸಾಡಿದ, ಕಡ್ಡಾಯದ ಗುಂಡಿ ಶೆಟ್ಟರ ಪಾಲಾಯಿತು. ಹೀಗೇ ಅವರು ತಳ್ಳುತ್ತ ಹೋದರು, ಅವನು ಬಿಸಾಡುತ್ತ ಹೋದ. ಐರೋಲಿ ದಾಟುವಾಗ ಇಬ್ಬರದೂ ಸಮಸಮ! ನಾನು ಶೆಟ್ಟರ ಕಡೆ ಬಗ್ಗಿದೆ.

"ಹೆದರಿಕೆ ಆಗುವುದಿಲ್ಲವಾ ಶೆಟ್ರೇ?"

"ಹಿಟ್ಟು ಒಂದೇ ದೋಸೆಗೆ ಇರುವಾಗ ಅದನ್ನು ಅರ್ಧರ್ಧ ಹೊಯ್ಯುವುದುಂಟಾ ಮಾರಾಯ್ರೆ?"

ಮತ್ತೆ ತಳ್ಳಿದರು. ಎಂಜಿನಿಯರನಿಗೆ ಈ ಸಲ ರಾಜನ ಜೋಡಿ, ಅವನೂ ಎಲ್ಲ ಇಟ್ಟ. ಶೆಟ್ಟರದು ಒಂದು ಎಕ್ಕ, ಒಂದು ಐದು. ಇಬ್ಬರಿಗೂ ಸೇರಿದಂತೆ ನಡುವೆ ಹಾಸಿದ ಐದು ಎಲೆಗಳಲ್ಲಿ ಕಟ್ಟಕಡೆಯದು ಎಕ್ಕ! ರಾಜನ ಜೋಡಿಯನ್ನು ಎಕ್ಕದ ಜೋಡಿ ಹೊಡೆದುಹಾಕಿತು.

"ಕಮಾಲ್ ಹೈ, ಶೆಟ್ಟಿಜೀ," ಎಂದು ಎಂಜಿನಿಯರ್ ಕೈ ಮುಗಿದ. ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅಂಥ ಗಂಡೆದೆಯನ್ನು ನಾನು ಎಲ್ಲೂ ಕಂಡಿಲ್ಲ.

ಸೋಮವಾರ ನಾವು ಮೂವರೂ ಎದ್ದು ನಿಂತು ಕಿಟಕಿ ಬಿಟ್ಟುಕೊಟ್ಟೆವು. ಶೆಟ್ಟರು ಗಂಭೀರವಾಗಿ ಕೂತರು. ಕೂತವರೇ ಷಟರನ್ನು ದಡಾರನೆ ಕೆಳಗೆಳೆದು, ಅದಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದರು. ನಮಗೆಲ್ಲ ಬೆವರು ಇಳಿಯತೊಡಗಿತು.

"ಶೆಟ್ರೇ, ಗಾಳಿ!" ಎಂದೆ.

"ಗಾಳಿ ನಿಮಗೆ ಬೇಕಾದ್ದು. ಬೆಳಗ್ಗಿನಿಂದ ಗಲ್ಲಾದಲ್ಲಿ ನಿಂತವನಿಗೆ ಬೇಕಿದ್ದದ್ದು ತಲೆ ಇಡ್ಲಿಕ್ಕೆ ಒಂದು ಗೋಡೆ," ಎಂದ ಶೆಟ್ಟರು ತುರ್ಭೆ ಬರುವ ಮೊದಲೇ ಗೊರಕೆ ಹೊಡೆಯುತ್ತಿದ್ದರು.