ನಲವತ್ತೊಂದು ಸಹಿಯ ಗುಟ್ಟು

ಶಿವಮೊಗ್ಗದ ಹೋಟೆಲೊಂದರ ಸಭಾಂಗಣದಲ್ಲಿ ವಿಶ್ವಾರಾಧ್ಯನ ಬಾಯಿಗೆ ಹೋಗುತ್ತಿದ್ದ ಬಿಸ್ಕತ್ತು ಅರ್ಧ ದಾರಿಯಲ್ಲೇ ನಿಂತಿತು.

“ನೆನಪಿಡಿ,” ಎನ್ನುತ್ತಿದ್ದ ವೇದಿಕೆಯ ಮೇಲಿದ್ದ ಬೆಂಗಳೂರಿನ ಪೇಟೆಂಟ್ ತಜ್ಞ ಅಭಯ, “ನೀವು ಕಂಡುಹಿಡಿದಿದ್ದನ್ನ ಮಾರುಕಟ್ಟೆಗೆ ತರ್ಬೇಕು ಅಂದ್ರೆ ಮೊದಲು ಪೇಟೆಂಟಿಗೆ ಅರ್ಜಿ ಹಾಕಿ. ಅದಕ್ಕೂ ಮುಂಚೆ ಬಾಯಿ ಬಿಟ್ರೋ, ಮುಗೀತು. ಅದು ಊರೋರ ಸೊತ್ತು!”

ಅದು ೨೦೦೧ನೇ ಇಸವಿ. ತಂತ್ರಜ್ಞಾನದಿಂದ ವ್ಯಾಪಾರ ಬೆಳೆಸುವುದು ಹೇಗೆಂದು ಎಂಜಿನಿಯರುಗಳಿಗೆ ಕಲಿಸುವ ಒಂದು ದಿನದ ತರಬೇತಿ. ಭದ್ರಾವತಿಯ ಎರಕದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ವಿಶ್ವಾರಾಧ್ಯನನ್ನು ಮಾಲೀಕರೇ ಇದಕ್ಕೆ ಕಳಿಸಿದ್ದರು. ಅವನು ಖುಷಿಯಿಂದಲೇ ಬಂದಿದ್ದ. ಏಕೆಂದರೆ ಕುಕ್ಕರಿನ ವಿಶಲ್ ಎಣಿಸಿ, ಹೇಳಿದಷ್ಟು ಕೂಗಿದ ಮೇಲೆ ಗಂಟೆ ಬಾರಿಸುವ ಪುಟ್ಟ ಸಾಧನವೊಂದನ್ನು ಆರು ತಿಂಗಳು ಒದ್ದಾಡಿ ತಯಾರಿಸಿದ್ದ. ಕೆಲಸ ಬಿಟ್ಟು, ಅದೊಂದನ್ನೇ ತಯಾರಿಸುವ ಸ್ವಂತ ವರ್ಕ್‌ಶಾಪ್ ತೆರೆಯಬೇಕೆಂಬುದು ಅವನ ಕನಸು.

ಆದರೆ ಕಳೆದ ಭಾನುವಾರವಷ್ಟೇ ಪಕ್ಕದ ಮನೆಯ ಸುಭದ್ರಮ್ಮನಿಗೂ ಎದುರು ಮನೆಯ ಮುರುಗೇಶಪ್ಪನವರಿಗೂ ಬೇಳೆ ಬೇಯಿಸಿ ತೋರಿಸಿದ್ದ!

“ಸಾರ್, ಈಗಾಗ್ಲೇ ಹೇಳ್ಬಿಟ್ಟಿದ್ರೆ?” ಮೆಲ್ಲಗೆ ಕೇಳಿದ.

“ಗುಟ್ಟು ಕಾಪಾಡ್ತೀವಿ ಅಂತ ಅವರು ಸಹಿ ಹಾಕಿದ್ರೆ ಪರವಾಗಿಲ್ಲ. ಇಲ್ದಿದ್ರೆ ಕಷ್ಟ.”

ವಿಶ್ವಾರಾಧ್ಯ ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವನಂತೆ ಅತ್ತಿತ್ತ ನೋಡಿ, ಸದ್ದಿಲ್ಲದೆ ಹೊರಬಿದ್ದು, ಲೂನಾ ಹತ್ತಿ ತನ್ನ ಮನೆಯಿದ್ದ ಗೋಪಾಳಕ್ಕೆ ಹಾರಿದ.

ಅವನು ಗೀಚಿ ತಂದ ಒಪ್ಪಂದದ ಕಾಗದವನ್ನು ಸುಭದ್ರಮ್ಮ ಹಾವಿನಂತೆ ತುದಿ ಬೆರಳಲ್ಲಿ ಹಿಡಿದರು. “ಹೋದ್ಸಲ ಒಬ್ಬ ಹಿಂಗೇ ಸಹಿ ಹಾಕಿಸ್ಕೊಂಡು ಹೋದ ಕಣಪ್ಪ. ಆಮೇಲೆ ನೋಡಿದ್ರೆ ನಮ್ಮ ಬೀದಿ ನಲ್ಲಿನೇ ಕಿತ್ತುಹಾಕ್ಬೇಕು ಅನ್ನೋ ಅರ್ಜಿ!”

“ಇದು ಬರೀ ಕುಕ್ಕರ್ ಗಂಟೆ ಗುಟ್ಟು ಕಾಪಾಡೋಕಮ್ಮ. ನೀವು ಯಾರಿಗೂ ಹೇಳಿಲ್ಲ ತಾನೆ?”

“ಛೆ ಛೆ, ನಾನ್ಯಾಕೆ ಹೇಳ್ಲಿ ಮಾರಾಯ? ನಮ್ಮ ಭಜನಾ ಮಂಡಳಿಯೋರಿಗೆ ಬಿಟ್ಟು ಒಬ್ರಿಗೂ ಹೇಳಿಲ್ಲ.”

“ಮಂಡಳೀಲಿ ಎಷ್ಟು ಜನ?”

“ಹದಿನಾಲ್ಕು. ಪ್ರಸಾದ ಇದ್ರೆ ಹದಿನಾರು.”

ವಿಶ್ವಾರಾಧ್ಯ ಮೆಟ್ಟಿಲ ಮೇಲೆಯೇ ಕೂತು ಹೆಸರುಗಳ ಪಟ್ಟಿ ಬರೆಯತೊಡಗಿದ. ಅಷ್ಟರಲ್ಲಿ ‘ಸಹಿ’ ಎಂಬ ಶಬ್ದ ಕೇಳಿ ಮುರುಗೇಶಪ್ಪನವರು ಕನ್ನಡಕ ಏರಿಸಿಕೊಂಡು ಬಂದರು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ತಡೆದು ನಿವೃತ್ತರಾದವರು.

“ಈ ಕಾಗದ ನಿಲ್ಲಲ್ಲ ಕಣಯ್ಯ. ಯಾವ ಗುಟ್ಟು ಅಂತಾನೇ ಬರ್ದಿಲ್ಲ! ನಕ್ಷೆ ಹಾಕು, ವಿವರ ಬರಿ. ತೋರ್ಸಿದ ದಿನವೇ ಗುಟ್ಟು ಅಂತ ಹೇಳಿದ್ದೆ ಅಂತ ಒಂದು ಸಾಲು ಸೇರ್ಸು.” ತಾವೇ ಪೆನ್ನು ಕಿತ್ತುಕೊಂಡು, ‘ಸದರಿ ಸಾಧನದ ಮಾಲೀಕರ ಅಪ್ಪಣೆಯಿಲ್ಲದೆ ಇದನ್ನು ತಯಾರಿಸುವುದಿಲ್ಲ, ಬಳಸುವುದಿಲ್ಲ, ಬಾಯಿ ಬಿಡುವುದಿಲ್ಲ’ ಎಂದು ಬರೆದು, ಅಡಿಗೆರೆ ಎಳೆದರು.

ಪ್ರತಿಗಳಿಗಾಗಿ ಆಲ್ಕೊಳ ಸರ್ಕಲ್ಲಿನ ಲಿಂಗಪ್ಪನ ಜೆರಾಕ್ಸ್ ಅಂಗಡಿಗೆ ಓಡಿದ್ದಾಯಿತು. ಲಿಂಗಪ್ಪನಿಗೆ ಕಿವಿ ಮಂದ, ಗಂಟಲು ಮಾತ್ರ ನಾಟಕದ ಭೀಮನದು.

“ಏನ್ ಸಾರ್ ಇದು, ಕುಕ್ಕರ್ ಮೇಲೆ ಕೂತು ವಿಶಲ್ ಎಣಿಸುತ್ತಾ?” ಎಂದು ನಕ್ಷೆ ನೋಡಿ ಗರ್ಜಿಸಿದ. ಸಾಲಿನಲ್ಲಿ ನಿಂತಿದ್ದ ಒಂಬತ್ತು ಜನ ಒಟ್ಟಿಗೆ ಕತ್ತು ಚಾಚಿದರು.

ಸುಭದ್ರಮ್ಮ, ಮುರುಗೇಶಪ್ಪನವರು, ಲಿಂಗಪ್ಪ ಸಹಿ ಹಾಕಿದರು. ಆ ಒಂಬತ್ತು ಜನರೂ ಹಾಕಿದರು. ಹೇಳಿದ ದಿನ ಪ್ರಸಾದವಿದ್ದದ್ದರಿಂದ ಭಜನಾ ಮಂಡಳಿಯ ಹದಿನಾರೂ ಮಂದಿ, ಕೆಲವರು ಕಾಫಿ ಕುಡಿಸಿ, ಹಾಕಿದರು. ಅವರಲ್ಲಿ ಹನ್ನೆರಡು ಮಂದಿ ಗಂಡಂದಿರಿಗೂ ಹೇಳಿದ್ದರಿಂದ ಆ ಗಂಡಂದಿರೂ ಹಾಕಿದರು. ಕೊನೆಗೊಬ್ಬ ಸೊಪ್ಪಿನವನು ವಿಷಯವೇನೆಂದು ತಿಳಿಯದೆ, ಎಲ್ಲರೂ ಹಾಕುತ್ತಿದ್ದಾರೆಂದು ತಾನೂ ಹೆಬ್ಬೆಟ್ಟು ಒತ್ತಿದ. ಒಟ್ಟು ನಲವತ್ತೊಂದು!

ನಾಲ್ಕು ಗಂಟೆಗೆ, ಏಳು ಲೋಟ ಕಾಫಿ ಹೊಟ್ಟೆಯಲ್ಲಿ ಕುಲುಕಿಸುತ್ತ ಅವನು ಸಭಾಂಗಣಕ್ಕೆ ಮರಳಿದಾಗ ಸಮಾರೋಪ ನಡೆಯುತ್ತಿತ್ತು. ಸರ್ಟಿಫಿಕೇಟು ಹಂಚಲು ಅವನ ಮಾಲೀಕರು ಕೊಟ್ರಬಸಪ್ಪನವರೇ ಬಂದು ವೇದಿಕೆಯ ಮೇಲೆ ಕುಳಿತಿದ್ದರು. ಅಭಯ ಕಾಗದಗಳ ಕಟ್ಟು ನೋಡಿ ದಂಗಾದ.

“ಇಷ್ಟು ವರ್ಷ ಪಾಠ ಮಾಡಿದೀನಿ, ಒಂದೇ ದಿನದಲ್ಲಿ ಇಷ್ಟು ಕಲಿತೋರನ್ನ ನೋಡಿಲ್ಲ! ಬನ್ನಿ ಮೇಲೆ. ಏನದು ನಿಮ್ಮ ಸಾಧನ?”

ವಿಶ್ವಾರಾಧ್ಯ ಈಗ ಪಳಗಿದ್ದ. “ಇಲ್ಲಿರೋರೆಲ್ಲ ಸಹಿ ಹಾಕ್ಲಿ ಸಾರ್, ಆಮೇಲೆ ಹೇಳ್ತೀನಿ.”

ಚಪ್ಪಾಳೆಯೋ ಚಪ್ಪಾಳೆ. ಅರವತ್ತು ಜನ ನಗುತ್ತಲೇ ಸಹಿ ಹಾಕಿದರು. ವಿಶ್ವಾರಾಧ್ಯ ಎದೆಯುಬ್ಬಿಸಿ ಹೇಳತೊಡಗಿದ. ಕಾರ್ಖಾನೆಯಲ್ಲಿ ಉಳಿದ ಹಿತ್ತಾಳೆಯ ಮುಚ್ಚಳ, ಒಳಗಿನ ಹಲ್ಲಿನ ಚಕ್ರ, ಮಧ್ಯಾಹ್ನ ಊಟ ಬಿಟ್ಟು ಕಾರ್ಖಾನೆಯ ಲೇತಿನಲ್ಲಿ ಅದನ್ನು ಕಡೆದದ್ದು, ಮೂರನೇ ಪಾಳಿಯವರ ಬೇಳೆಯ ಮೇಲೆ ಅವರಿಗೆ ತಿಳಿಯದಂತೆ ಪ್ರಯೋಗ ಮಾಡಿದ್ದು...

“ಭಲೇ!” ಕೊಟ್ರಬಸಪ್ಪನವರು ಎದ್ದು ಅವನನ್ನು ತಬ್ಬಿಕೊಂಡರು. “ನನ್ನ ಲೇತು, ನನ್ನ ಹಿತ್ತಾಳೆ! ಅಭಯ ಅವರೇ, ಕಾರ್ಖಾನೆ ಯಂತ್ರದಲ್ಲಿ ಕಾರ್ಖಾನೆ ಸಾಮಾನಿಂದ ಮಾಡಿದ್ದೆಲ್ಲ ಕಾರ್ಖಾನೆಗೇ ಸೇರಿದ್ದು ಅಂತ ಇವನ ನೇಮಕಾತಿ ಪತ್ರದಲ್ಲಿದೆ. ಏನಂತೀರಿ?”

ಅಭಯ ಕಾಗದಗಳ ಕಟ್ಟನ್ನು ಕೊಟ್ರಬಸಪ್ಪನವರತ್ತ ಸರಿಸಿದ. “ಅದಕ್ಕೆ ಇವರು ಸಹಿ ಹಾಕಿದ್ರೆ... ಮಾಲೀಕರು ನೀವೇ ಸಾರ್.”

ವಿಶ್ವಾರಾಧ್ಯನ ಕಿವಿಯಲ್ಲಿ ನೂರು ವಿಶಲ್ ಒಟ್ಟಿಗೆ ಕೂಗಿದವು. ಹನ್ನೊಂದು ವರ್ಷದ ಹಿಂದೆ, ಕೆಲಸ ಸಿಕ್ಕ ಸಂಭ್ರಮದಲ್ಲಿ, ಓದದೆಯೇ ಸಹಿ ಹಾಕಿದ್ದ.

ಕೊಟ್ರಬಸಪ್ಪನವರು ಅಡಿಗೆರೆ ಎಳೆದ ಸಾಲನ್ನು ಮೆಚ್ಚಿ ಮೆಚ್ಚಿ ಓದಿದರು. ಕೊನೆಯ ಹಾಳೆಯ ಖಾಲಿ ಜಾಗಕ್ಕೆ ಬೆರಳಿಟ್ಟು, ಜೇಬಿನಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟರು.

“ಗುಟ್ಟು ಗೊತ್ತಿರೋನು ಇನ್ನೊಬ್ಬ ಉಳ್ಕೊಂಡಿದಾನಲ್ಲಪ್ಪ. ಹಾಕು.”

ನೂರಾ ಎರಡನೆಯವನಾಗಿ ವಿಶ್ವಾರಾಧ್ಯ ಸಹಿ ಹಾಕಿದ.